ನಾಲ್ಕು ಬೆರಳು ಒಳಕ್ಕೆ

ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಗಳ ಬೀದಿಯಲ್ಲಿ ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಎರಡು ನಿಂಬೆಹಣ್ಣುಗಳು ಅರ್ಧ ಮಾತ್ರ ಜಜ್ಜಿಹೋದವು. ಇನ್ನರ್ಧ ಹಾಗೇ ಉಳಿಯಿತು. ಘಟನೆಯಲ್ಲಿ ಯಾರಿಗೂ ಗಾಯವಾಗಲಿಲ್ಲ. ಸುದ್ದಿ ಹತ್ತು ನಿಮಿಷದಲ್ಲಿ ಬೀದಿಯ ಎರಡೂ ತುದಿ ಮುಟ್ಟಿತು. ಮಧ್ಯಾಹ್ನದ ಊಟದ ಹೊತ್ತಿಗೆ ಹಣ್ಣು ಮಾರಿದವಳ ಮೇಲೂ, ಎದುರು ಅಂಗಡಿಯವರ ಕಣ್ಣಿನ ಮೇಲೂ ಅನುಮಾನ ಬಂದಾಗಿತ್ತು. ಕಾರಿನ ಮೇಲೆ ಮಾತ್ರ, ಒಬ್ಬನ ಹೊರತು, ಯಾರಿಗೂ ಅನುಮಾನ ಬರಲಿಲ್ಲ.

ಕಾರು ಪರಶಿವಮೂರ್ತಿಯದು. ಪರಶಿವನಿಗೆ ಮೂವತ್ತನಾಲ್ಕು ವರ್ಷ. ತಂದೆಯ ಕಾಲದ ಸೀರೆ ಅಂಗಡಿ ನೋಡಿಕೊಂಡಿದ್ದ. ಹಬ್ಬದ ದಿನ ಎಲ್ಲರಂತೆ ಅವನೂ ಕಾರು ತೊಳೆದು, ಹೂವು ಹಾಕಿ, ನಾಲ್ಕು ಚಕ್ರಕ್ಕೆ ನಾಲ್ಕು ಹಣ್ಣಿಟ್ಟು ಗಾಡಿಯನ್ನು ಮುಂದಕ್ಕೆ ತೆಗೆದ. ಹಿಂದಿನ ಎರಡು ಹಣ್ಣು ಸರಿಯಾಗಿಯೇ ಚಪ್ಪಟೆಯಾದವು. ಮುಂದಿನ ಎರಡರಲ್ಲಿ ಕಾರಿನ ಒಳಮಗ್ಗುಲಿಗಿದ್ದ ಅರ್ಧ ಚಪ್ಪಟೆಯಾಗಿ, ಹೊರಮಗ್ಗುಲಿನ ಅರ್ಧ ಉಬ್ಬಿಕೊಂಡೇ ಉಳಿಯಿತು.

ಪರಶಿವನ ತಾಯಿ ದೇವೀರಮ್ಮ ಅದನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಹರಕೆ ಬಾಕಿ ಅದೆ ಕನ ಮಗ. ಅದಕ್ಕೇ ಮಾದಪ್ಪ ಇಂಗೆ ತೋರುಸ್ತಾವ್ನೆ.”

ಬಾಕಿ ಇದ್ದದ್ದು ನಿಜ. ಪರಶಿವನ ಮಗಳು ಇಂಚರಾಳ ಹುಟ್ಟುಗೂದಲನ್ನು ಮಾದಪ್ಪನ ಬೆಟ್ಟದಲ್ಲಿ ಕೊಡುತ್ತೇವೆಂದು ಹರಕೆಯಿತ್ತು. ವರ್ಷ ತುಂಬಿದಾಗ ಆಗಬೇಕಾಗಿದ್ದದ್ದು. ಈಗ ಮಗುವಿಗೆ ಎರಡಾಗಿ, ಕೂದಲು ಭುಜಕ್ಕೆ ಬಂದಿತ್ತು. ಮುಂದಿನ ವಾರ ಬಿಟ್ಟು ಅದರಾಚೆಯ ಸೋಮವಾರ ಕಾರಿನಲ್ಲೇ ಹೋಗಿಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅದೇ ಹೊತ್ತಿಗೆ ಸವರಿಮುತ್ತು ಬಂದ. ಬೀದಿಯ ಕೊನೆಯಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡುವ ಶೆಡ್ಡು ಅವನದು. ಮಾರ್ಟಳ್ಳಿಯ ಕಡೆಯವನು, ಅರವತ್ತರ ಹತ್ತಿರದ ವಯಸ್ಸು. ಹಬ್ಬಕ್ಕೆ ಪುರಿ, ಬೂಂದಿ ಕೊಡಲು ಕರೆದಿದ್ದರು. ಅವನು ಪುರಿಯ ಪೊಟ್ಟಣಕ್ಕೆ ಕೈಚಾಚದೆ ಬಗ್ಗಿ, ನೆಲದ ಮೇಲಿದ್ದ ಅರ್ಧ ಹಣ್ಣನ್ನು ಎತ್ತಿಕೊಂಡ.

“ಅಯ್ಯೋ, ಅದ ಮುಟ್ಟಬ್ಯಾಡ ಕನಪ್ಪೊ! ದೃಷ್ಟಿ ತೆಗೆದಿರೋದು!” ಎಂದರು ದೇವೀರಮ್ಮ.

“ಮುಟ್ಟಾಯ್ತು ಬುಡವ್ವ. ದೃಷ್ಟಿ ನಂಗೆ ಬಂದ್ರೂ ಏನ್ ಮಾಡ್ತದೆ, ನನ್ನತ್ರ ಕಾರಿಲ್ಲ.”

ಅವನು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಚಕ್ರ ನೋಡಿದ.

“ಸಾವ್ಕಾರ್ರೆ, ಹಣ್ಣು ಸರಿಯಾಗೇ ಅದೆ. ಚಕ್ರ ವಾಲ್ಕೊಂಡದೆ. ಮೇಲ್ಗಡೆ ಒಳಕ್ಕೆ, ಕೆಳಗಡೆ ಹೊರಕ್ಕೆ. ಒಳಗಿನ ಅಂಚಲ್ಲಿ ಮಾತ್ರ ನೆಲ ಊರ್ತಾ ಅದೆ.”

“ಹಬ್ಬದ ದಿನ ಗ್ಯಾರೇಜ್ ಮಾತು ಯಾಕೆ ಸವರಿಯಣ್ಣ? ಪುರಿ ತಗೊಳ್ಳಿ,” ಎಂದ ಪರಶಿವ.

ಸವರಿಮುತ್ತು ಪುರಿ ತೆಗೆದುಕೊಂಡು ಹೋದ.

ಕಾರಿನ ಕಥೆಯನ್ನೂ ಹೇಳಬೇಕು. ನಾಲ್ಕು ತಿಂಗಳ ಹಿಂದೆ ಪರಶಿವ ಮೈಸೂರಿನ ಒಂದು ಗ್ಯಾರೇಜಿನಲ್ಲಿ ಅದರ ಸ್ಪ್ರಿಂಗುಗಳನ್ನು ಕತ್ತರಿಸಿ ಕಾರನ್ನು ಎರಡೂವರೆ ಇಂಚು ತಗ್ಗಿಸಿಕೊಂಡು ಬಂದಿದ್ದ. ಮೊದಲು ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಆಡುವಷ್ಟು ಜಾಗವಿತ್ತು. ಈಗ ಬೆರಳು ತೂರುತ್ತಿರಲಿಲ್ಲ. ಅಂಗಡಿಯ ಒಳಗೆ ಗಾದಿಯ ಮೇಲೆ ಕೂತು, ಹೊರಗೆ ನೆಲಕ್ಕೆ ಅಂಟಿದಂತೆ ನಿಂತ ಆ ಬಿಳಿ ಕಾರನ್ನು ನೋಡುವಾಗ ಪರಶಿವನಿಗೆ ಹೊಟ್ಟೆ ತಂಪಾಗುತ್ತಿತ್ತು. ದಿನವಿಡೀ ಬೇರೆಯವರ ಹೆಂಡತಿಯರಿಗೆ ಸೀರೆ ಬಿಡಿಸಿ ತೋರಿಸಿ ಮತ್ತೆ ಮಡಚಿಡುವ ಮನುಷ್ಯ. ತನಗಾಗಿ ಅಂತ ಇಟ್ಟುಕೊಂಡ ಚೆಂದ ಅದೊಂದೇ.

ಆ ಚೆಂದಕ್ಕೆ ಅವನು ಸಾಕಷ್ಟು ಕಷ್ಟಪಟ್ಟಿದ್ದ. ಊರಿನ ಹಂಪುಗಳೆಲ್ಲ ಅವನಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿದ್ದವು. ಪ್ರತಿಯೊಂದನ್ನೂ ಓರೆಯಾಗಿ, ಪೂಜೆಗೆ ಹೋಗುವವನ ಭಯಭಕ್ತಿಯಿಂದ ದಾಟುತ್ತಿದ್ದ. ಕಾರು ಒಂದು ನೂಲಿನಷ್ಟಾದರೂ ಮೇಲೇಳಲಿ ಎಂದು ಟೈರಿಗೆ ಹೆಚ್ಚು ಗಾಳಿ ಹೊಡೆಸಿ ಕಲ್ಲಿನಂತೆ ಮಾಡಿಟ್ಟಿದ್ದ. ಸಂತೆ ಬೀದಿಯ ಹಂಪಿನಲ್ಲಿ ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ದರೂ ಕಾರು ತಾನಾಗಿ ಎಡಕ್ಕೆ ಹಾರುತ್ತಿತ್ತು. ಅದು ಪುರಸಭೆಯ ರಸ್ತೆಯ ದೋಷ ಎಂದು ಅವನು ನಂಬಿದ್ದ.

ನಿಂಬೆಹಣ್ಣಿನ ವಿಷಯ ಕೇಳಿದ, ಮನೆಯ ಪೂಜೆ ಮಾಡಿಸುವ ಅಯ್ಯನವರು ಕಾರನ್ನು ನೋಡಲಿಲ್ಲ, ಪಂಚಾಂಗ ನೋಡಿದರು. ಶುಕ್ರವಾರ ಇನ್ನೊಮ್ಮೆ ಪೂಜೆ ಮಾಡಿ ಹೊಸ ಹಣ್ಣು ಇಡಬೇಕೆಂದರು.

ಗುರುವಾರ ಮಧ್ಯಾಹ್ನ ತಾಯಿ ಮಲಗಿದ್ದಾಗ ಪರಶಿವ ಹಿತ್ತಲಿನಲ್ಲಿ ಕಾರು ನಿಲ್ಲಿಸಿಕೊಂಡು ಒಂದು ಸಂಶೋಧನೆ ನಡೆಸಿದ. ಹಣ್ಣನ್ನು ಟೈರಿನ ಹೊರ ಅಂಚಿಗೆ ಇಟ್ಟು ಹರಿಸಿದ. ಅರ್ಧವೂ ಜಜ್ಜಲಿಲ್ಲ. ಒಂದು ಬೆರಳು ಒಳಕ್ಕೆ ಇಟ್ಟ, ಸಾಲದು. ಎರಡು ಬೆರಳು, ಮೂರು ಬೆರಳು. ಹೊರ ಅಂಚಿನಿಂದ ನಾಲ್ಕು ಬೆರಳು ಒಳಕ್ಕೆ ಇಟ್ಟಾಗ ಹಣ್ಣು ಕಾಗದದಂತೆ ಚಪ್ಪಟೆಯಾಯಿತು. ಸಂಶೋಧನೆಗೆ ಹನ್ನೊಂದು ಹಣ್ಣು ಬಲಿಯಾದವು. ತಂದದ್ದರಲ್ಲಿ ಉಳಿದ ಹಣ್ಣಿನಿಂದ ಮನೆಯಲ್ಲಿ ಎರಡು ದಿನ ಚಿತ್ರಾನ್ನವಾಯಿತು.

ಶುಕ್ರವಾರ ಹಣ್ಣುಗಳನ್ನು ತಾನೇ ಇಡುತ್ತೇನೆಂದು ಪರಶಿವ ಮುಂದೆ ಬಂದ. ನಾಲ್ಕೂ ಚಪ್ಪಟೆಯಾದವು. ದೇವೀರಮ್ಮ ಕಣ್ಣೊರೆಸಿಕೊಂಡು, “ಒಪ್ಪುಬುಟ್ಟ ಮಾದಪ್ಪ,” ಎಂದರು. ವಿಚಿತ್ರವೆಂದರೆ ಪರಶಿವನಿಗೂ ನಿಜವಾಗಿ ಸಮಾಧಾನವಾಯಿತು. ಹಿಂದಿನ ದಿನ ಹಿತ್ತಲಿನಲ್ಲಿ ತಾನೇ ಬೆರಳಿಟ್ಟು ಅಳೆದದ್ದು ಬೇರೆ ಯಾರೋ ಮಾಡಿದ ಕೆಲಸದಂತೆ ದೂರವಾಯಿತು.

ಅವನ ಹೆಂಡತಿ ಸುಚಿತ್ರ ಮಾತ್ರ ಹಣ್ಣು ಬಿಟ್ಟು ಚಕ್ರವನ್ನೇ ನೋಡುತ್ತಿದ್ದಳು. ಅವಳು ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು.

“ರೀ, ಹಣ್ಣಿಂದ ನಂಗೇನೂ ಗೊತ್ತಾಗಲ್ಲ,” ಎಂದಳು ಒಳಗೆ ಹೋದ ಮೇಲೆ. “ಚಕ್ರ ವಾಲಿದೆ ಅಂತ ಸವರಿಯಣ್ಣ ಅಂದ್ರಲ್ಲ. ಅಳತೆ ಮಾಡಿಸಿ ರಿಪೋರ್ಟ್ ತನ್ನಿ.”

“ಅವರು ಹಂಗೇ. ಕೆಲಸ ಬೇಕು, ಅದಕ್ಕೆ ಹೇಳ್ತಾರೆ.”

“ಇರಲಿ. ಸರಿ ಇದ್ರೆ ಹಸಿರು, ಇಲ್ದಿದ್ರೆ ಕೆಂಪು ಬರುತ್ತೆ ಅಂತ ನೀವೇ ತೋರಿಸಿದ್ರಲ್ಲ ಹೋದ್ಸಲ. ಎಲ್ಲ ಹಸಿರಿದ್ರೆ ಪಾಪುನ ಅದರಲ್ಲಿ ಕೂರಿಸ್ತೀನಿ. ಒಂದು ಕೆಂಪಿದ್ರೂ ಬಸ್ಸು.”

ಮಾದಪ್ಪನ ಬೆಟ್ಟದ ದಾರಿಯಲ್ಲಿ ತಾಳಬೆಟ್ಟದಿಂದ ಮೇಲಕ್ಕೆ ರಸ್ತೆ ಸುತ್ತುಸುತ್ತಾಗಿ ಏರುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅದು ಅವನಿಗೂ ಗೊತ್ತಿತ್ತು.

ಶನಿವಾರ ಪರಶಿವ ಕಾರನ್ನು ಶೆಡ್ಡಿಗೆ ಒಯ್ದ. ಸವರಿಮುತ್ತು ನಾಲ್ಕು ಚಕ್ರಕ್ಕೂ ಅಳತೆಯ ಪಟ್ಟಿ ಕಟ್ಟಿ ಮಿಷನ್ ಹಾಕಿದ. ಪರದೆಯ ಮೇಲೆ ಕೆಂಪು ಅಂಕಿಗಳು ಬಂದವು. ಹಸಿರು ಒಂದೇ ಒಂದು ಕಡೆ ಇತ್ತು, ಹಿಂದಿನ ಬಲ ಚಕ್ರದಲ್ಲಿ.

“ತಗ್ಗಿಸಿದ್ದೇ ತಪ್ಪು ಅಂತೀರಾ?” ಎಂದ ಪರಶಿವ.

“ತಗ್ಗಿಸಿದ್ದು ತಪ್ಪಲ್ಲ. ತಗ್ಗಿಸಿ ಅಂಗೇ ಬುಟ್ಟಿದ್ದು ತಪ್ಪು.” ಸವರಿಮುತ್ತು ಅವನನ್ನು ಗುಂಡಿಗೆ ಇಳಿಸಿ ಕಾರಿನ ಅಡಿ ತೋರಿಸಿದ. “ಇದು ಚಕ್ರ ಹಿಡ್ಕೊಂಡಿರೋ ಕೈ. ನೆಲಕ್ಕೆ ಸಮಕ್ಕೆ ಇರಬೇಕು. ನೀವು ಗಾಡಿ ಕೆಳಗಿಳಿಸಿದ್ರಿ, ಚಕ್ರ ಇದ್ದಲ್ಲೇ ಅದೆ. ಅದಕ್ಕೆ ಕೈ ತುದಿ ಆಕಾಶಕ್ಕೆ ಎತ್ಕೊಂಡದೆ. ಪಕ್ಕದಲ್ಲಿ ಸ್ಟೇರಿಂಗ್ ರಾಡು. ಇವೆರಡೂ ಒಂದೇ ಓರೆಯಲ್ಲಿ ಇರಬೇಕು, ಇಲ್ಲ. ಹಂಪಲ್ಲಿ ಒಂದು ಒಂದ್ಕಡೆ ಎಳೀತದೆ, ಇನ್ನೊಂದು ಇನ್ನೊಂದ್ಕಡೆ. ನೀವು ನೆಟ್ಟಗೆ ಹಿಡ್ಕೊಂಡಿರ್ತೀರಿ, ಚಕ್ರ ತಾನೇ ತಿರುಗ್ತದೆ. ಆಗಿಲ್ವಾ?”

“ಸಂತೆ ಬೀದಿಯಲ್ಲಿ... ಸ್ವಲ್ಪ.”

“ಸಂತೆ ಬೀದಿಯಲ್ಲಿ ಮೋರಿಗೆ ಬೀಳ್ತೀರಿ. ಬೆಟ್ಟದಲ್ಲಿ ಮೋರಿ ಇಲ್ಲ.”

ಪರಶಿವ ಆ ರಾಡನ್ನು ಮುಟ್ಟಿ ನೋಡಿದ.

“ಮೂರು ದಿನ ಗಾಡಿ ಬುಡಿ. ಕೈ ತುದಿಗೆ ಉದ್ದದ ಜಾಯಿಂಟು ಹಾಕಿ ಕೆಳಕ್ಕೆ ತರ್ತೀನಿ. ರಾಡಿನ ತುದೀನೂ ಅಷ್ಟೇ ಇಳಿಸ್ತೀನಿ. ಚಕ್ರದ ವಾಲು ತಿದ್ದೋಕೆ ಬೇರೆ ಬೋಲ್ಟ್ ಬರ್ತದೆ. ಆ ಕತ್ತರಿಸಿದ ಸ್ಪ್ರಿಂಗು ಬಿಸಾಕಿ, ಸರಿಯಾದ್ದು ಹಾಕಿ, ಒಂದಿಂಚು ಮೇಲಕ್ಕೆತ್ತಬೇಕು.”

ಅಷ್ಟು ಹೊತ್ತು ಸವರಿಮುತ್ತು ಹೇಳಿದ್ದರಲ್ಲಿ ಪರಶಿವನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

“ಒಂದಿಂಚು ಎತ್ತಿದ್ರೆ ನೋಡೋಕೆ ಹೆಂಗಿರುತ್ತೆ?”

“ಕಾರಿದ್ದಂಗೆ ಇರ್ತದೆ.”

ಪರಶಿವ ಗುಂಡಿಯಿಂದ ಮೇಲೆ ಬಂದು ಕೈ ಒರೆಸಿಕೊಂಡ. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದ.

“ಸವರಿಯಣ್ಣ, ಮಿಷನ್ನಲ್ಲಿ ಬೇರೆ ಯಾವುದೋ ಕಾರಿನ ಹೆಸರು ಒತ್ತಿದ್ರೆ ಇದೇ ಅಳತೆ ಹಸಿರು ಬರುತ್ತಂತಲ್ಲ?”

“ಬರ್ತದೆ. ನಿಮ್ಮ ಹೆಸರಿರೋ ಜಾಗದಲ್ಲಿ ಎತ್ತಿನ ಹೆಸರು ಬರೆದ್ರೆ ನಿಮ್ಮ ತೂಕವೂ ಕಮ್ಮೀನೇ ಅನ್ಸ್ತದೆ.”

“ಹಬ್ಬ ಹರಿದಿನ. ಮನೇಲಿ ಹೆಣ್ಣುಮಕ್ಕಳ ಸಮಾಧಾನಕ್ಕೆ ಅಷ್ಟೇ. ಬೆಟ್ಟಕ್ಕೆ ಹೋಗಿಬಂದ ಮೇಲೆ ಗಾಡಿ ನಿಮಗೇ ಬಿಡ್ತೀನಿ.”

ಸವರಿಮುತ್ತು ಮಿಷನ್ ಆರಿಸಿದ. “ನಾನು ಒತ್ತಲ್ಲ ಸಾವ್ಕಾರ್ರೆ. ಪೇಪರ್ ಮೇಲೆ ನನ್ನ ಶೆಡ್ಡಿನ ಹೆಸರು ಇರ್ತದೆ, ಕೂಸು ಗಾಡಿ ಒಳಗೆ ಇರ್ತದೆ.”

ಭಾನುವಾರ ಪರಶಿವ ಬೇರೆ ಊರಿನ ಒಂದು ಅಲೈನ್‌ಮೆಂಟ್ ಸೆಂಟರಿಗೆ ಹೋದ. ಅಲ್ಲಿಯವನು ಗುಂಡಿಗೆ ಇಳಿಯಲೂ ಇಲ್ಲ. “ಯಾವ ಕಾರಿನ ಹೆಸರು ಒತ್ತಲಿ ಸಾರ್?” ಎಂದು ಮಾತ್ರ ಕೇಳಿದ. ನಾಲ್ಕನೇ ಹೆಸರಿಗೆ ಎಲ್ಲ ಹಸಿರಾಯಿತು. ಹಾಳೆಯ ಮೇಲ್ತುದಿಯಲ್ಲಿ ಆ ಕಾರಿನ ಹೆಸರು ಅಚ್ಚಾಗಿತ್ತು. ಪರಶಿವ ಅಷ್ಟು ಭಾಗವನ್ನು ಹಿಂದಕ್ಕೆ ಮಡಚಿ, ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ತೂರಿಸಿ ಮನೆಗೆ ತಂದ.

ಸುಚಿತ್ರ ಹಸಿರು ನೋಡಿ, “ಸರಿ,” ಎಂದು ಕೈಚೀಲದಲ್ಲಿಟ್ಟುಕೊಂಡಳು. ಅವಳ ಕೈಯಿಂದ ಹೊರಟ ಕಾಗದ ನೋಡಿ ಡಾಕ್ಟರು ಮಾತ್ರೆ ಬರೆಯುತ್ತಿದ್ದರು. ಅಚ್ಚಾಗಿ ಬಂದದ್ದರಲ್ಲಿ ಸುಳ್ಳಿರಬಹುದೆಂದು ಯೋಚಿಸುವ ಅಭ್ಯಾಸ ಅವಳಿಗಿರಲಿಲ್ಲ.

ಹೊರಡುವ ಸೋಮವಾರ ಬಂತು. ಬೆಳಿಗ್ಗೆ ಆರೂವರೆಗೆ ಎಲ್ಲ ಸಿದ್ಧ. ಬೆಟ್ಟದ ದಾಸೋಹಕ್ಕೆ ಕೊಡಲು ಒಂದು ಮೂಟೆ ಅಕ್ಕಿ ಡಿಕ್ಕಿಯಲ್ಲಿತ್ತು. ದೇವೀರಮ್ಮ ಹಿಂದೆ ಕೂತರು. ಕಾರು ಇನ್ನೂ ಸ್ವಲ್ಪ ತಗ್ಗಿತು. ಪರಶಿವ ಒಳಗೆ ಕೂತು ಎಂಜಿನ್ ಚಾಲೂ ಮಾಡಿ ಗೇರು ಹಾಕಿದ.

“ಹಣ್ಣು ಮಡುಗ್ದೆ ಬೆಟ್ಟ ಹತ್ತಾರಾ?” ಎಂದರು ದೇವೀರಮ್ಮ. “ಚೀಲದಲ್ಲಿ ನಾಲ್ಕು ತಂದಿವ್ನಿ ನೋಡು ಸುಚಿತ್ರ.”

ಪರಶಿವ ಬಾಗಿಲು ತೆಗೆಯುವಷ್ಟರಲ್ಲಿ ಸುಚಿತ್ರ ಮಗುವನ್ನು ಕೆಳಗಿಳಿಸಿ ಹಣ್ಣು ಹಿಡಿದು ಮುಂದೆ ಬಂದಾಗಿತ್ತು. ಎಲ್ಲರೂ ಇಡುವಂತೆ ಹೊರಗಡೆ ನಿಂತೇ ಬಗ್ಗಿ, ಕೈಗೆ ಸಿಕ್ಕಲ್ಲಿ, ಟೈರಿನ ಹೊರ ಅಂಚಿಗೆ ಒಂದು ಹಣ್ಣಿಟ್ಟಳು.

ಪರಶಿವ ಕಿಟಕಿಯಿಂದ ತಲೆ ಹೊರಹಾಕಿದ. “ಸ್ವಲ್ಪ ಒಳಕ್ಕಿಡು.”

“ಎಷ್ಟು ಒಳಕ್ಕೆ?”

“ನಾಲ್ಕು ಬೆರಳು.”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಸುಚಿತ್ರ ಬಗ್ಗಿದವಳು ಬಗ್ಗಿದಂತೆಯೇ ಅವನ ಕಡೆ ನೋಡಿದಳು.

“ಯಾಕೆ, ಸರಿಯಾಗಿ ನಾಲ್ಕೇ ಬೆರಳು?”

ಅಷ್ಟರಲ್ಲಿ ಇಂಚರಾ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ದೊಡ್ಡವರು ಆಡುತ್ತಿದ್ದ ಆಟ ಅವಳಿಗೆ ಅರ್ಥವಾಗಿತ್ತು. ಟೈರಿನ ಮುಂದೆ, ನೆಲದ ಮೇಲೆ, ನಿಂಬೆಹಣ್ಣಿಗೆ ತಾಗಿಸಿ ತನ್ನ ಪುಟ್ಟ ಕೈಯ ನಾಲ್ಕು ಬೆರಳಿಟ್ಟಳು.

“ಅಪ್ಪಾ, ನಾಕು!”

ಎಂಜಿನ್ ನಡೆಯುತ್ತಿತ್ತು. ಕಾರು ಗೇರಿನಲ್ಲಿತ್ತು. ಪರಶಿವನ ಎಡಗಾಲು ಕ್ಲಚ್ಚಿನ ಮೇಲಿತ್ತು. ಅವನು ಕಾಲು ಅಲುಗಿಸದೆ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಆಮೇಲೂ ಸ್ವಲ್ಪ ಹೊತ್ತು ಕಾಲು ತೆಗೆಯಲಿಲ್ಲ. ಸುಚಿತ್ರ ಮಗುವನ್ನು ಎತ್ತಿಕೊಂಡಳು.

ಅವನು ಕೆಳಗಿಳಿದು ಎಲ್ಲವನ್ನೂ ಹೇಳಿದ. ಹಿತ್ತಲಿನ ಹನ್ನೊಂದು ಹಣ್ಣು, ಸವರಿಮುತ್ತುವಿನ ಕೆಂಪು ಅಂಕಿ, ಬೇರೆ ಊರಿನ ಹಸಿರು ಹಾಳೆ. ಸುಚಿತ್ರ ಕೈಚೀಲದಿಂದ ಕವರು ತೆಗೆದು, ಹಾಳೆಯ ಮಡಿಕೆ ಬಿಡಿಸಿ ಮೇಲಿನ ಸಾಲು ಓದಿದಳು.

“ಇದು ನಮ್ಮ ಕಾರೇ ಅಲ್ಲ.”

“ಅಲ್ಲ.”

“ಲ್ಯಾಬಲ್ಲಿ ಮೊದಲು ಹೆಸರು ಓದ್ತೀನಿ ರೀ. ಆಮೇಲೆ ನಂಬರು. ಮನೆಯವರು ತಂದಿದ್ದು ಅಂತ ಇದನ್ನ ಓದಲಿಲ್ಲ.” ಅವಳು ದನಿ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು ಎಂದು ಪರಶಿವನಿಗೆ ಅನ್ನಿಸಿತು.

ದೇವೀರಮ್ಮ ಹಿಂದಿನ ಸೀಟಿನಿಂದ ಕಷ್ಟಪಟ್ಟು ಇಳಿದರು. “ಶುಕ್ರವಾರ ಪೂಜೇಲಿ ಹಣ್ಣು ಒಡೆದದ್ದೂ ಇಂಗೇನಾ ಮಗ?”

“ಹೂಂ, ಅವ್ವ.”

“ನಾನು ಅತ್ತುಬುಟ್ನಲ್ಲೋ ಅವತ್ತು,” ಎಂದರು ಅವರು. ಅಕ್ಕಿ ಮೂಟೆಯ ಕಡೆ ಕೈ ತೋರಿಸಿದರು. “ಹೊತ್ಕೊ. ಬಸ್ಸು ಏಳಕ್ಕೆ.”

ಪರಶಿವ ಮೂಟೆ ಹೊತ್ತು ಬಸ್ ನಿಲ್ದಾಣಕ್ಕೆ ನಡೆದ. ಬಸ್ಸಿನಲ್ಲಿ ಹನೂರಿನವರೆಗೆ ನಿಂತಿದ್ದ. ತಾಳಬೆಟ್ಟ ದಾಟಿ ತಿರುವು ಶುರುವಾದಾಗ ಕಿಟಕಿಯ ಹೊರಗೆ ನೋಡಿದ. ಒಂದು ತಿರುವಿನ ನಡುವೆಯೇ ರಸ್ತೆ ಕಿತ್ತು, ಅಂಗೈ ಆಳದ ಗುಂಡಿ ಬಿದ್ದಿತ್ತು. ಬಸ್ಸು ಅದರಲ್ಲಿ ಇಳಿದು ಹತ್ತಿತು. ಆಚೆ ಕಡೆ ಮರಗಳ ತುದಿ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ಇಂಚರಾ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಪರಶಿವ ಅಲ್ಲಿಂದ ಮುಂದೆ ಹೊರಗೆ ನೋಡಲಿಲ್ಲ, ಮಗುವಿನ ಕೂದಲು ನೋಡುತ್ತ ಕೂತ. ಮಧ್ಯಾಹ್ನ ಅದನ್ನು ಬೆಟ್ಟದಲ್ಲಿ ಕೊಟ್ಟರು.

ಮಂಗಳವಾರ ಬೆಳಿಗ್ಗೆ ಸವರಿಮುತ್ತು ಕಾರಿನ ಎಡಗಡೆಯ ಮುಂದಿನ ಚಕ್ರ ಬಿಚ್ಚಿದ. ಟೈರನ್ನು ತಿರುಗಿಸಿ, ಹೊರಗಿನಿಂದ ಯಾರಿಗೂ ಕಾಣದ ಒಳ ಅಂಚಿನ ಮೇಲೆ ಪರಶಿವನ ಕೈಯನ್ನು ಹಿಡಿದು ಆಡಿಸಿದ. ಪರಶಿವ ಕೈ ಎಳೆದುಕೊಂಡ. ಬೆರಳಲ್ಲಿ ರಕ್ತ ಬಂದಿತ್ತು. ರಬ್ಬರು ಸವೆದು ಒಳಗಿನ ತಂತಿ ಎದ್ದಿತ್ತು. ಹೊರ ಅಂಚು ಮಾತ್ರ ಅಂಗಡಿಯಿಂದ ತಂದಂತೆ ಹೊಸದಾಗಿಯೇ ಇತ್ತು.

“ಇದರ ಮೇಲೆ ನಾಲ್ಕು ಜನ, ಒಂದು ಮೂಟೆ ಅಕ್ಕಿ,” ಎಂದ ಸವರಿಮುತ್ತು. ಲೆಕ್ಕ ಮುಂದುವರಿಸಲಿಲ್ಲ.

ಕೆಲಸ ಮೂರು ದಿನ ಹಿಡಿಯಿತು. ಕತ್ತರಿಸಿದ ಸ್ಪ್ರಿಂಗು ಹೋಯಿತು. ಉದ್ದದ ಜಾಯಿಂಟು ಬಂತು. ಚಕ್ರದ ಕೈಗಳು ನೆಲಕ್ಕೆ ಸಮವಾದವು, ರಾಡು ಅವುಗಳ ಓರೆಗೆ ಬಂತು. ಕೊನೆಯ ಅಳತೆಗೆ ಮುಂಚೆ ಸವರಿಮುತ್ತು ಸೀಟುಗಳ ಮೇಲೆ ಮರಳಿನ ಚೀಲ ಇಡತೊಡಗಿದ. ಖಾಲಿ ಕಾರನ್ನು ಅಳೆಯುವುದು ಅವನ ಪದ್ಧತಿಯಲ್ಲ. ಗಾಡಿಯಲ್ಲಿ ಕೂರುವವರ ಭಾರ ಹೇರಿಯೇ ಚಕ್ರ ತಿದ್ದುತ್ತಿದ್ದ.

“ಅವ್ವನ ತೂಕ?”

“ಅರವತ್ತೆರಡು.”

“ಸುಚಿತ್ರಮ್ಮಂದು?”

“ಐವತ್ತೆಂಟು. ಪಾಪು ಹನ್ನೊಂದು.”

“ನಿಮ್ದು?”

“ಎಪ್ಪತ್ತೈದು.”

ಸವರಿಮುತ್ತು ಎಪ್ಪತ್ತೈದು ಕಿಲೋ ಮರಳು ಇಟ್ಟು, ಚೀಲದ ಮೇಲೆ ಕೈಯೂರಿ ಪರಶಿವನನ್ನು ಮೇಲಿಂದ ಕೆಳಗೆ ನೋಡಿದ.

“ತೊಂಬತ್ತೊಂದು,” ಎಂದ ಪರಶಿವ.

ಸವರಿಮುತ್ತು ಇನ್ನೊಂದು ಚೀಲ ತಂದ.

ಪರದೆಯ ಮೇಲೆ ಎಲ್ಲ ಹಸಿರಾಯಿತು. ಹಾಳೆ ಹೊರಬಂದಾಗ ಪರಶಿವ ಮೊದಲು ಮೇಲಿನ ಸಾಲು ಓದಿದ. ಅವನದೇ ಕಾರು. ಅವನು ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದು ಮುಂದಿನ ಚಕ್ರಗಳಿಗೆ ಇಟ್ಟ, ಹೊರಗಡೆ ನಿಂತು, ಕೈಗೆ ಸಿಕ್ಕಲ್ಲಿ. ಗಾಡಿ ಮುಂದಕ್ಕೆ ತೆಗೆದಾಗ ಎರಡೂ ಪೂರ್ತಿ ಚಪ್ಪಟೆಯಾದವು.

“ಇನ್ನೊಂದಿದ್ರೆ ಕೊಡಿ,” ಎಂದ ಸವರಿಮುತ್ತು. “ಟೀಗೆ ಹಿಂಡ್ಕೋತೀನಿ.”

ನೀತಿ: ಒಂದನ್ನು ನಮ್ಮ ಇಷ್ಟಕ್ಕೆ ಬದಲಿಸಿದರೆ, ಅದಕ್ಕೆ ಹೊಂದಿಕೊಂಡಿರುವ ಉಳಿದೆಲ್ಲವನ್ನೂ ತಿದ್ದುವ ಹೊಣೆ ನಮ್ಮದೇ. ಆ ಹೊಣೆ ತಪ್ಪಿಸಿಕೊಳ್ಳಲು ಅಳತೆಯನ್ನೇ ನಮ್ಮ ಕಡೆಗೆ ಸರಿಸಿದರೆ, ಮನೆಯವರೂ ಊರೂ ನಂಬಬಹುದು. ಚಕ್ರ ವಾಲಿಕೊಂಡೇ ಇರುತ್ತದೆ, ಮತ್ತು ಅದರ ಮೇಲೆ ಕೂರುವವರು ನಮ್ಮನ್ನು ನಂಬಿದವರೇ ಆಗಿರುತ್ತಾರೆ.

ಪರಶಿವನ ಕಾರು ಈಗ ಒಂದಿಂಚು ಮೇಲಿದೆ. ಮುಂದಿನ ಎರಡು ಟೈರು ಹೊಸವು. ಇಂಚರಾಳ ಕೂದಲು ಕಿವಿಯವರೆಗೆ ಬೆಳೆದಿದೆ.